ಪ್ರಿಯಾನ್ ರೋಗದಲ್ಲಿ ಒಂದು ಪ್ರೋಟೀನು ಇನ್ನೊಂದನ್ನು ಕೆಡಿಸುವುದು ಹೇಗೆ?

ಬಸವಕಲ್ಯಾಣದಿಂದ ಬರೆದಿರುವ ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಡಿಎನ್‌ಎ, ಆರ್‌ಎನ್‌ಎ ಯಾವುದೂ ಇಲ್ಲದ ಬರೀ ಒಂದು ಪ್ರೋಟೀನು ಮತ್ತೊಂದು ಪ್ರೋಟೀನಿಗೆ ತಾಗಿದ ಮಾತ್ರಕ್ಕೆ ಮೆದುಳಿನ ರೋಗ ಬೆಳೆಯುವುದು ಹೇಗೆ ಎಂಬುದು ಮೊದಲನೆಯದು. ಮನೆಯಲ್ಲಿ ಹಬ್ಬಕ್ಕೆ ಮಾಡುವ ಕುರಿಯ ಭೇಜಾ, ಅಂದರೆ ಮೆದುಳು, ತಿನ್ನಲು ಇನ್ನು ಹೆದರಬೇಕೆ ಎಂಬುದು ಎರಡನೆಯದು. ನಾನು ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಕಲಿಸುವವನು, ವೈದ್ಯನಲ್ಲ. ಹಾಗಾಗಿ ಮೊದಲನೆಯದಕ್ಕೆ ವಿವರವಾಗಿ ಉತ್ತರಿಸಿ, ಎರಡನೆಯದನ್ನು ಕೊನೆಯಲ್ಲಿ ನೋಡುತ್ತೇನೆ.

ಪ್ರಿಯಾನ್ ಪ್ರೋಟೀನು ಹುಟ್ಟಿನಿಂದ ನಮ್ಮದೇ. 20ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯಿಂದ 253 ಅಮೈನೋ ಆಮ್ಲಗಳ ಸರಪಣಿಯಾಗಿ ತಯಾರಾಗುವ ಅದು, ಎರಡೂ ತುದಿ ಕತ್ತರಿಸಿಕೊಂಡು ಸುಮಾರು 208 ಅಮೈನೋ ಆಮ್ಲಗಳಷ್ಟು ಉಳಿದು, ಕೊಬ್ಬಿನಂಶದ ಒಂದು ಲಂಗರಿನಿಂದ ನರಕೋಶದ ಪೊರೆಯ ಹೊರಮೈಗೆ ಅಂಟಿಕೊಂಡಿರುತ್ತದೆ. ಅದರ ಅರ್ಧ ಭಾಗ ದಾರದಂತೆ ಸಡಿಲವಾಗಿದ್ದರೆ, ಉಳಿದರ್ಧ ಮೂರು ಸುರುಳಿಗಳಿರುವ ಪುಟ್ಟ ಉಂಡೆ. ರೋಗರೂಪದ ಪ್ರೋಟೀನಿನಲ್ಲಿಯೂ ಅಮೈನೋ ಆಮ್ಲಗಳ ಸಾಲು ಇದೇ, ಒಂದಕ್ಷರವೂ ಬದಲಾಗಿರಬೇಕಿಲ್ಲ. ಬದಲಾಗುವುದು ಮಡಿಕೆ ಮಾತ್ರ: ಸುರುಳಿಗಳು ಬಿಚ್ಚಿಕೊಂಡು ಸರಪಣಿ ಚಪ್ಪಟೆಯಾಗಿ, ಹಿಂದೆ ಮುಂದೆ ಬಳುಕಿ ಮಡಚಿಕೊಳ್ಳುತ್ತದೆ.

ಹಾಗೆ ಚಪ್ಪಟೆಯಾದ ಅಣು ಒಂಟಿಯಾಗಿ ಇರುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. 2021ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪಡೆದ ಚಿತ್ರಗಳಲ್ಲಿ, ಸೋಂಕು ತಗುಲಿದ ಪ್ರಾಣಿಗಳ ಮೆದುಳಿನಿಂದ ತೆಗೆದ ಪ್ರಿಯಾನ್ ನಾರಿನೊಳಗೆ ಈ ಅಣುಗಳು ಒಂದರ ಮೇಲೊಂದು, ಅರ್ಧ ನ್ಯಾನೋಮೀಟರಿಗೂ ತುಸು ಕಡಿಮೆ ಅಂತರದಲ್ಲಿ, ನಮ್ಮ ಖಾನಾವಳಿಗಳಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿಗಳ ಹಾಗೆ ಕೂತಿರುವುದು ಕಂಡಿತು. ಮೇಲಿನ ಅಣುವಿನ 129ನೆಯ ಅಮೈನೋ ಆಮ್ಲ ಕೆಳಗಿನ ಅಣುವಿನ 129ನೆಯದರ ಮೇಲೆಯೇ ಇರುತ್ತದೆ. 130ನೆಯದು 130ನೆಯದರ ಮೇಲೆ. ಈ ಪೇರಿಕೆಯ ತುದಿಗೆ ಆರೋಗ್ಯವಂತ ಅಣುವೊಂದು ಬಂದು ತಾಗಿದಾಗ ಅದು ತನ್ನ ಸುರುಳಿಗಳನ್ನು ಬಿಟ್ಟು, ತುದಿಯ ಅಣುವಿನ ಉಬ್ಬು ತಗ್ಗುಗಳಿಗೆ ಹೊಂದಿಕೊಂಡು ತಾನೇ ಹೊಸ ತುದಿಯಾಗುತ್ತದೆ. ರೊಟ್ಟಿಯ ಹೋಲಿಕೆ ಇಲ್ಲಿ ಸ್ವಲ್ಪ ಎಡವುತ್ತದೆಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಹೊಸ ರೊಟ್ಟಿ ಬೆಂದು ಬರುವುದಿಲ್ಲ, ಹಿಟ್ಟಿನ ಉಂಡೆಯಾಗಿಯೇ ಬಂದು ಪೇರಿಕೆಯ ಮೇಲೆ ರೊಟ್ಟಿಯಾಗುತ್ತದೆ. ಉದ್ದವಾದ ನಾರು ನಡುವೆ ಮುರಿದರೆ ಒಂದರ ಬದಲು ಎರಡು ನಾರುಗಳು, ಎರಡರ ಬದಲು ನಾಲ್ಕು ತುದಿಗಳು. ರೋಗ ಹಲವು ವರ್ಷ ಸುಮ್ಮನಿದ್ದು ಆಮೇಲೆ ಕೆಲವೇ ತಿಂಗಳಲ್ಲಿ ರೋಗಿಯನ್ನು ಮುಗಿಸಿಬಿಡುವುದಕ್ಕೆ ಈ ಗುಣಾಕಾರವೂ ಒಂದು ಕಾರಣ.

ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ “ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಲ್ಲವೇ ಸರ್?” ಎನ್ನುತ್ತಾರೆ. ನೋಡಲು ಹಾಗೆಯೇ ಇದೆ, ಆದರೆ ಹೆಪ್ಪಿನಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿದ್ದು ಅವು ತಮ್ಮ ಡಿಎನ್‌ಎ ನಕಲು ಮಾಡಿಕೊಂಡು ಹೆಚ್ಚುತ್ತವೆ. ಪ್ರಿಯಾನಿನಲ್ಲಿ ನಕಲಾಗುವುದು ಆಕಾರ ಮಾತ್ರ, ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿಯನ್ನು ನಮ್ಮ ಕೋಶವೇ ಒದಗಿಸುತ್ತದೆ. 1967ರಲ್ಲಿ ಟಿಕ್ವಾ ಆಲ್ಪರ್ ಅವರ ತಂಡ, ಕುರಿಗಳ ಸ್ಕ್ರೇಪಿ ರೋಗದ ಕಾರಕವು ಡಿಎನ್‌ಎಯನ್ನು ಹಾಳುಗೆಡಹುವ ವಿಕಿರಣಕ್ಕೆ ಜಗ್ಗುವುದಿಲ್ಲವೆಂದು ತೋರಿಸಿತ್ತು. 1982ರಲ್ಲಿ ಅಮೆರಿಕದ ನರವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟಾಗ ನಂಬದಿದ್ದವರು ಬಹಳ. 1997ರಲ್ಲಿ ಅವರಿಗೆ ನೊಬೆಲ್ ಬಂದ ಮೇಲೂ ಗೊಣಗುವವರಿದ್ದರು.

ಗೊಣಗಾಟವನ್ನು ತಗ್ಗಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಇಲಿಗಳ ಮೇಲಿನ ಪ್ರಯೋಗಗಳು. ಪ್ರಿಯಾನ್ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳಿಗೆ ಸ್ಕ್ರೇಪಿ ಸೋಂಕು ಕೊಟ್ಟರೂ ರೋಗ ಬರಲಿಲ್ಲವೆಂದು 1993ರಲ್ಲಿ ವರದಿಯಾಯಿತು. ರೋಗರೂಪ ಒಳಗೆ ಹೋಗಿದ್ದರೂ ತಾಗಲು ಜೊತೆಗಾರ ಇರಲಿಲ್ಲ. 1996ರಲ್ಲಿ ಇನ್ನೂ ಸೊಗಸಾದ ಒಂದು ಪ್ರಯೋಗ ನಡೆಯಿತು: ಅಂಥದೇ ಇಲಿಯ ಮೆದುಳಿನೊಳಗೆ, ಪ್ರಿಯಾನ್ ಪ್ರೋಟೀನು ತಯಾರಿಸುವ ಮೆದುಳಿನ ತುಣುಕೊಂದನ್ನು ಕಸಿ ಮಾಡಿ ಸೋಂಕು ಕೊಟ್ಟಾಗ, ಕಸಿಯ ತುಣುಕು ರೋಗಕ್ಕೆ ತುತ್ತಾಯಿತು, ಅಲ್ಲಿಂದ ರೋಗರೂಪ ಅಕ್ಕಪಕ್ಕಕ್ಕೂ ಸೇರಿತು, ಆದರೆ ಸುತ್ತಲಿನ ನರಕೋಶಗಳು ಹಾಳಾಗಲಿಲ್ಲ. ರೋಗರೂಪದ ಅಣುಗಳು ಪಕ್ಕದಲ್ಲಿ ಬಿದ್ದಿದ್ದರಷ್ಟೇ ಕೋಶ ಸಾಯುವುದಿಲ್ಲ, ಆ ಕೋಶದ ಮೈಮೇಲೆ ಸಹಜರೂಪ ಇರಲೇಬೇಕು. 2003ರಲ್ಲಿ, ಸೋಂಕು ತಗುಲಿದ ಇಲಿಗಳ ನರಕೋಶಗಳಲ್ಲಿ ಸಹಜ ಪ್ರೋಟೀನಿನ ತಯಾರಿಕೆಯನ್ನು ನಡುವೆಯೇ ನಿಲ್ಲಿಸಿದಾಗ, ಮೆದುಳಿನಲ್ಲಿ ರೋಗರೂಪ ಕೂಡುತ್ತಲೇ ಹೋದರೂ ಇಲಿಗಳು ಉಳಿದವು, ಆರಂಭದ ಹಾನಿ ಹಿಂದಕ್ಕೂ ಸರಿಯಿತು. ಪಠ್ಯಪುಸ್ತಕಗಳು “ಕೆಟ್ಟ ಪ್ರೋಟೀನು ಶೇಖರವಾಗಿ ಕೋಶ ಸಾಯುತ್ತದೆ” ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣದಿರುವುದು ಇದಕ್ಕಾಗಿಯೇ.

ಪೇರಿಕೆಯ ಚಿತ್ರ ಮನಸ್ಸಿನಲ್ಲಿದ್ದರೆ ಮುಂದಿನದು ತಾನಾಗಿ ತಿಳಿಯುತ್ತದೆ. ನಮ್ಮ ಪ್ರಿಯಾನ್ ಪ್ರೋಟೀನಿನ 129ನೆಯ ಸ್ಥಾನದಲ್ಲಿ ಕೆಲವರಿಗೆ ಮೆಥಿಯೋನಿನ್, ಕೆಲವರಿಗೆ ವ್ಯಾಲಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಇನ್ನೊಂದು ಬಂದವರ ಮೆದುಳಿನಲ್ಲಿ ಎರಡೂ ಬಗೆಯ ಅಣುಗಳಿದ್ದು, ಸಾಲು ಸರಿಯಾಗಿ ಕೂರುವುದು ಕಷ್ಟವಾಗುತ್ತದೆ. ಇಂಥವರಲ್ಲಿ ಮನುಷ್ಯರ ಪ್ರಿಯಾನ್ ರೋಗವಾದ, ತಾನಾಗಿ ಬರುವ ಕ್ರಾಯಿಟ್ಸ್‌ಫೆಲ್ಟ್ ಯಾಕೋಬ್ ರೋಗ ಕಡಿಮೆ. ಹಸುವಿನಿಂದ ಮನುಷ್ಯರಿಗೆ ಬಂದು 1996ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲಾದ ಹೊಸ ಬಗೆಯ ರೋಗ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಎರಡೂ ಕಡೆಯಿಂದ ಮೆಥಿಯೋನಿನ್ ಪಡೆದವರನ್ನೇ ಹಿಡಿಯಿತು. ಇನ್ನೂ ವಿಚಿತ್ರವೆಂದರೆ, 178ನೆಯ ಸ್ಥಾನದ ಒಂದೇ ದೋಷವು ಅದೇ ವಂಶವಾಹಿಯ ಪ್ರತಿಯಲ್ಲಿ 129ರಲ್ಲಿ ಮೆಥಿಯೋನಿನ್ ಇದ್ದರೆ ನಿದ್ದೆಯನ್ನೇ ಕಸಿದುಕೊಳ್ಳುವ ಮಾರಣಾಂತಿಕ ರೋಗವಾಗುತ್ತದೆ, ವ್ಯಾಲಿನ್ ಇದ್ದರೆ ಮರೆವು ತರುವ ಬೇರೆಯದೇ ರೋಗವಾಗುತ್ತದೆ. ಪಾಪುವಾ ನ್ಯೂಗಿನಿಯ ಫೋರೆ ಜನರಲ್ಲಿ, ಸತ್ತ ಬಂಧುಗಳ ಮೆದುಳನ್ನು ತಿನ್ನುವ ಅಂತ್ಯಕ್ರಿಯೆಯಿಂದ ಹರಡಿದ್ದ ಕುರು ರೋಗವನ್ನು ದಾಟಿ ಉಳಿದ ಕೆಲವರಲ್ಲಿ 127ನೆಯ ಸ್ಥಾನದ ಗ್ಲೈಸಿನ್ ಜಾಗದಲ್ಲಿ ವ್ಯಾಲಿನ್ ಇತ್ತು. ಈ ಅಣು ತಾನೂ ಪೇರಿಕೆಗೆ ಸೇರುವುದಿಲ್ಲ, ಪಕ್ಕದ ಸಾಮಾನ್ಯ ಅಣುಗಳು ಸೇರುವುದಕ್ಕೂ ಅಡ್ಡಬರುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಪ್ರೋಟೀನುಗಳ ಒಡನಾಟ ರೋಗ ತರುವಂತೆ ಅದನ್ನು ತಡೆಯಲೂ ಬಲ್ಲದು.

ಈ ಒಡನಾಟದಲ್ಲಿ ಬೇರೆ ಅಣುಗಳ ಪಾತ್ರವೂ ಇದೆಯೇ ಎಂದು ಕೇಳಬಹುದು. ಕೊಬ್ಬಿನ ಕೆಲವು ಅಣುಗಳು, ಆರ್‌ಎನ್‌ಎ, ಕೋಶದ ಹೊರಮೈಯ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಣಿ ಇವೆಲ್ಲ ಈ ರೂಪಾಂತರಕ್ಕೆ ನೆರವಾಗುತ್ತವೆಂದು ಪ್ರಯೋಗಾಲಯಗಳಲ್ಲಿ ಕಂಡಿದೆ. 1995ರಲ್ಲಿ “ಪ್ರೋಟೀನ್ ಎಕ್ಸ್” ಎಂಬ ಸಹಾಯಕನೊಬ್ಬ ಇರಬೇಕೆಂದು ಊಹಿಸಿ ಹುಡುಕಿದರು, ಅವನು ಸಿಕ್ಕಲಿಲ್ಲ. ತನ್ನದೇ ಪ್ರಿಯಾನ್ ಪ್ರೋಟೀನುಗಳಿರುವ ಯೀಸ್ಟಿನಲ್ಲಿ ಮಾತ್ರ ಚಿತ್ರ ಸ್ಪಷ್ಟವಾಗಿದೆ: ಅಲ್ಲಿನ ಎಚ್‌ಎಸ್‌ಪಿ 104 ಎಂಬ ಪ್ರೋಟೀನು ಪ್ರಿಯಾನ್ ನಾರುಗಳನ್ನು ತುಂಡರಿಸುತ್ತದೆ, ಅದಿಲ್ಲದಿದ್ದರೆ ಹೊಸ ತುದಿಗಳು ಹುಟ್ಟದೆ ಪ್ರಿಯಾನ್ ಮುಂದಿನ ಪೀಳಿಗೆಗೆ ಹೋಗುವುದೇ ಇಲ್ಲ.

ಇದೇ ಒಡನಾಟವನ್ನು ಈಗ ಪರೀಕ್ಷೆಯಾಗಿಯೂ ಬಳಸುತ್ತಾರೆ. ರೋಗಿಯ ಬೆನ್ನುಹುರಿಯ ದ್ರವದ ಕೆಲವು ಹನಿಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಸಹಜ ಪ್ರೋಟೀನಿಗೆ ಬೆರೆಸಿ ಕುಲುಕುತ್ತಾರೆ. ದ್ರವದಲ್ಲಿ ರೋಗರೂಪದ ಲೇಶವಿದ್ದರೂ ಪೇರಿಕೆ ಶುರುವಾಗಿ, ಬೆರೆಸಿದ ಬಣ್ಣ ಹೊಳೆಯತೊಡಗುತ್ತದೆ.

ಇನ್ನು ಭೇಜಾ. ಯುರೋಪಿನ ಕುರಿಗಳಲ್ಲಿ ಸ್ಕ್ರೇಪಿ 18ನೆಯ ಶತಮಾನದಿಂದಲೂ ಗೊತ್ತಿದೆ, ಅಲ್ಲಿನ ಜನ ಅಷ್ಟೂ ಕಾಲ ಕುರಿಮಾಂಸ ತಿಂದಿದ್ದಾರೆ. ಆದರೂ ಅದರಿಂದ ಮನುಷ್ಯರಿಗೆ ರೋಗ ಬಂದುದಕ್ಕೆ ಪುರಾವೆ ಸಿಕ್ಕಿಲ್ಲ. ಕುರಿಯ ಪ್ರೋಟೀನಿನ ಸಾಲು ನಮ್ಮದಕ್ಕಿಂತ ಅಲ್ಲಲ್ಲಿ ಬೇರೆ ಇರುವುದರಿಂದ ಪೇರಿಕೆ ಸುಲಭವಾಗಿ ಹೊಂದುವುದಿಲ್ಲ. ಮನುಷ್ಯರಲ್ಲಿ ಪ್ರಿಯಾನ್ ರೋಗವೇ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದು, ಅದರಲ್ಲೂ ಬಹುಪಾಲು ಆಹಾರದ ಸಂಬಂಧವಿಲ್ಲದೆ ತಾನಾಗಿ ಬರುವುದು. ಭೇಜಾ ಬಿಡಲೇಬೇಕೆಂದಿದ್ದರೆ ಅದರಲ್ಲಿರುವ ಕೊಲೆಸ್ಟರಾಲ್ ಇದಕ್ಕಿಂತ ಗಟ್ಟಿ ಕಾರಣ. ಆದರೆ “ಚೆನ್ನಾಗಿ ಬೇಯಿಸಿದರೆ ಪ್ರಿಯಾನ್ ಸಾಯುತ್ತದೆ” ಎಂದು ನಿಮಗೆ ಹೇಳಿದವರ ಮಾತು ತಪ್ಪು. ಅಷ್ಟು ಬಿಗಿಯಾಗಿ ಪೇರಿದ ಅಣುಗಳನ್ನು ಬಿಡಿಸಲು ಮನೆಯ ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಸಾಲದು. ಆಸ್ಪತ್ರೆಗಳಲ್ಲಿ ಇಂಥ ರೋಗಿಗೆ ಬಳಸಿದ ಉಪಕರಣಗಳನ್ನು 134 ಡಿಗ್ರಿಯ ಹಬೆಯಲ್ಲಿ 18 ನಿಮಿಷ ಇಡುತ್ತಾರೆ, ಅಥವಾ ಗಾಢ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುತ್ತಾರೆ, ಮೆದುಳಿಗೆ ತಾಗಿದವುಗಳನ್ನು ಎಷ್ಟೋ ಕಡೆ ಮತ್ತೆ ಬಳಸದೆ ಸುಟ್ಟೇ ಬಿಡುತ್ತಾರೆ.