ಬ್ರ್ಯಾಂಡ್ ಮಾಡೋ ಮೊದಲ ಉದ್ರಿ ವಸೂಲಿ ಮಾಡ್ರಿ

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಹತ್ರ ಒಂದು ಸಣ್ಣ ದಾಲ್ ಮಿಲ್ ಅದರೀ. 50 ಕೆಜಿ ಚೀಲದಾಗ ತೊಗರಿ ಬ್ಯಾಳಿ ಹೈದರಾಬಾದ್, ಬೆಂಗಳೂರು ವ್ಯಾಪಾರಸ್ಥರಿಗಿ ಕಳಸ್ತೀವಿ, ರೊಕ್ಕ ಬರ್ಲಾಕ ಮೂರು ತಿಂಗಳು ಹಿಡಿತದ. ತಮ್ಮ ಇಂಜಿನಿಯರಿಂಗ್ ಮುಗಿಸಿ ಬಂದಾನ, ಒಂದು ಕೆಜಿ ಪ್ಯಾಕೆಟ್ ಮಾಡಿ ನಮ್ಮದೇ ಹೆಸರಿನ್ಯಾಗ ಆನ್‌ಲೈನ್ ಮಾರೋಣು ಅಂತಾನ. ಅಪ್ಪಾಜಿ ಹಳೇ ಗಿರಾಕಿ ಬಿಟ್ಟು ಹೋಗ್ತಾರ ಅಂತ ಬ್ಯಾಡ ಅಂತಾರ. ಯಾರ ಮಾತು ಕೇಳಬೇಕ್ರಿ?
— ಓದುಗರು, ಕಲಬುರಗಿ

ಉತ್ತರ: ತಮ್ಮನ ಮಾತು ಖರೇ ಅದ ನೋಡ್ರಿ, ಆದ್ರ ಅದಕ್ಕ ಕೈ ಹಚ್ಚೋ ಮೊದಲ ಉದ್ರಿ ಲೆಕ್ಕ ಬಿಡಸ್ರಿ. ತಿಂಗಳಿಗಿ 10 ಲಕ್ಷದ ಮಾಲು ಕೊಟ್ಟು ಮೂರು ತಿಂಗಳಿಗಿ ರೊಕ್ಕ ಬಂದ್ರ ಯಾವಾಗ ನೋಡಿದ್ರೂ 30 ಲಕ್ಷ ಹೊರಗೇ ಇರ್ತದ, ಬ್ಯಾಂಕಿನ ಬಡ್ಡಿ ನೂರಕ್ಕ 12 ಅಂತ ಹಿಡಿದ್ರೂ ವರ್ಷಕ್ಕ 3 ಲಕ್ಷ 60 ಸಾವಿರ, ಅದು ನಿಮ್ಮ ಲಾಭದಾಗಿಂದೇ ಹೋಗ್ತದ.

ಬಡ್ಡಿಗಿಂತ ದೊಡ್ಡ ಪೆಟ್ಟು ಇನ್ನೊಂದು ಅದ. ನಮ್ಮ ಕಡಿ ಹೊಸ ತೊಗರಿ ಡಿಸೆಂಬರ್-ಜನವರಿಗಿ ಬಾಜಾರಕ್ಕ ಬರ್ತದ, ಆಗ ಕೈಯಾಗ ರೊಕ್ಕ ಇದ್ದವ ಛಲೋ ಮಾಲು ಆರಿಸಿ ಸ್ಟಾಕ್ ಮಾಡ್ಕೋತಾನ, ಉದ್ರಿಯೊಳಗ ಸಿಕ್ಕವ ಅಷ್ಟಷ್ಟೇ ಕೊಂಡು ಮುಂದ ಮಳಿಗಾಲದಾಗ ಸಿಕ್ಕಿದ್ದು ಒಡೀತಾನ, ಮ್ಯಾನ್ಮಾರದ್ದೋ ಆಫ್ರಿಕಾದ್ದೋ. ಚೀಲದಾಗ ಹಾಕಿ ಕಳಿಸಿದ್ರ ಯಾರೂ ಕೇಳಂಗಿಲ್ಲ, ಆದ್ರ ನಿಮ್ಮ ಹೆಸರಿನ ಪ್ಯಾಕೆಟ್ ಒಂದ್ಸಲ ಲಗೂನ ಕುದ್ದು ಮುಂದಿನ ಸಲ ಕುದಿಲಿಲ್ಲಂದ್ರ ಆ ಮನಿ ಹೆಣಮಗಳು ಮತ್ತ ತಗೋಳಂಗಿಲ್ರಿ. ಅದಕ್ಕ ಹೇಳೋದು, ಉದ್ರಿ ಬಿಡಸದೆ ಬ್ರ್ಯಾಂಡ್ ನಿಲ್ಲಂಗಿಲ್ಲ.

ಕಾಯ್ದೆ ನಿಮ್ಮ ಕಡಿನೇ ಅದ. 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲು, ಬರವಣಿಗಿ ಕರಾರು ಇದ್ರ ಹೆಚ್ಚಂದ್ರ 45 ದಿನ, ಇಲ್ಲಂದ್ರ 15 ದಿನದಾಗ ಚುಕ್ತಾ ಆಗಬೇಕು. 2023-24ನೇ ಲೆಕ್ಕದ ವರ್ಷದಿಂದ ಇನ್ಕಮ್ ಟ್ಯಾಕ್ಸ್‌ನಾಗೂ ನಿಯಮ ಬಂದದ, ಈ ಅವಧಿ ಮೀರಿ ಬಾಕಿ ಇಟ್ರ ಖರೀದಿ ಮಾಡಿದವನಿಗಿ ಆ ಖರ್ಚು ಆ ವರ್ಷ ತೋರಸ್ಲಾಕ ಬರಂಗಿಲ್ಲ, ರೊಕ್ಕ ಕೊಟ್ಟ ವರ್ಷಕ್ಕೇ ಹೋಗ್ತದ. ನೀವು ಬ್ಯಾಳಿ ಮಾಡೋರು ಅಂದ್ರ ತಯಾರಕರು, ಬರೇ ಟ್ರೇಡಿಂಗ್ ಮಾಡೋರಿಗಿ ಈ ಅನುಕೂಲ ಇಲ್ಲ. ಉದ್ಯಮ್ ನೋಂದಣಿ, ಅಂದ್ರ ಸಣ್ಣ ಉದ್ದಿಮೆ ಅಂತ ಸರ್ಕಾರದ ಕಡಿ ಹೆಸರು ಹಚ್ಚೋದು, ಪುಕ್ಕಟೆ, ಮಾಡಿಸಿ ಆ ನಂಬರು ಪ್ರತಿ ಬಿಲ್ಲಿನ ಮ್ಯಾಲ ಛಾಪಸ್ರಿ. ಹಳೇ ಗಿರಾಕಿ ಮ್ಯಾಲ ಕಂಪ್ಲೇಂಟ್ ಕೊಡ್ರಿ ಅಂತ ನಾ ಹೇಳ್ತಿಲ್ಲ, ಅಪ್ಪಾಜಿ ಗಳಿಸಿದ ಸಂಬಂಧ ಅದು, ಅವರೇ ಫೋನ್ ಹಚ್ಚಿ "ಮಾರ್ಚ್ ಒಳಗ ಚುಕ್ತಾ ಮಾಡ್ರಿ, ನಿಮ್ಮ ಟ್ಯಾಕ್ಸೂ ಉಳಿತದ" ಅಂದ್ರ ಸಾಕು.

ಈಗ ಪ್ಯಾಕೆಟ್ ಮಾತು. ಮೊದಲ ಮಿಲ್‌ನಾಗ ಒಂದು ಕೆಲಸ ತಮ್ಮಗ ವಹಿಸ್ರಿ: ಪ್ರತಿ ಲಾಟ್‌ದಾಗ ಒಂದು ವಾಟಿ ಬ್ಯಾಳಿ ತಗದು, ಅದೇ ಕುಕ್ಕರ್, ಅಷ್ಟೇ ನೀರು ಹಾಕಿ ಎಷ್ಟು ಹೊತ್ತಿಗಿ ಕುದಿತು, ಬಣ್ಣ ಹ್ಯಾಂಗ ಬಂತು, ತೊಗರಿ ಯಾವ ಊರಿಂದು ಅಂತ ಬರದು ಇಡೋದು. ಆ ವಹಿ ಇಲ್ಲದೆ ಪ್ಯಾಕೆಟ್ಟಿನ ಮ್ಯಾಲ ಏನು ಬರದ್ರೂ ಬರೇ ಮಾತು.

ಗುಲ್ಬರ್ಗಾ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗಿ ಕೊಡೋ ಸರ್ಕಾರಿ ಗುರುತು) ಸಿಕ್ಕದ, ಖರೇ. ಊರು ನಮ್ಮದು ಅಂತ ಯಾರ್ ಬೇಕಾದ್ರೂ ಆ ಲೋಗೋ ಹಚ್ಚಂಗಿಲ್ಲ, ಚೆನ್ನೈನ ಜಿಐ ರಿಜಿಸ್ಟ್ರಿಯೊಳಗ ಅಧಿಕೃತ ಬಳಕೆದಾರ ಅಂತ ಹೆಸರು ಹಚ್ಚಬೇಕು, ಹೊರಗಿನ ತೊಗರಿ ಅದರಾಗ ಬೆರಸಲೇಬಾರದು. ಇಷ್ಟು ಛಲೋ ಹೆಸರು ಇದ್ದೂ ಇದನ್ನ ಮಾಡಿಸ್ಕೊಳ್ದೆ ಇರೋದು ನನಗ ಭಾಳ ಸಂಕಟ ಆಗ್ತದ.

ರೇಟ್ ಹಚ್ಚೋವಾಗ ಜಿಎಸ್‌ಟಿ ಮರೀಬ್ಯಾಡ್ರಿ. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕೆಜಿ ತನಕದ ಪ್ಯಾಕೆಟ್ಟಿಗಿ ನೂರಕ್ಕ 5 ಬಂದದ, ನಿಮ್ಮ 50 ಕೆಜಿ ಚೀಲಕ್ಕ ಇಲ್ಲ. ಚೀಲದ ರೇಟಿಗಿ ಪ್ಯಾಕಿಂಗ್ ಅಷ್ಟೇ ಕೂಡಿಸಿ ಮಾರಿದ್ರ ಗಂಟೇ ಹೋಗ್ತದ, ಆನ್‌ಲೈನ್ ಕಂಪನಿ ಕಮಿಷನ್, ಕೊರಿಯರ್ ಬ್ಯಾರೇ. ಅದಕ್ಕ ದೊಡ್ಡ ಆ್ಯಪ್ ಸದ್ಯ ಬ್ಯಾಡ್ರಿ. ಬೆಂಗಳೂರು, ಪುಣೆಯೊಳಗ ನಮ್ಮ ಮಂದಿ ಎಷ್ಟು ಅದಾರ, ಊರಿಗಿ ಬಂದಾಗ ಬ್ಯಾಳಿ ಕಟ್ಕೊಂಡು ಹೋಗೋರು, ವಾಟ್ಸಾಪ್‌ನಾಗ ಅವರಿಂದ ಆರ್ಡರ್ ಹಿಡೀರಿ, ರೊಕ್ಕ ಮೊದಲ ಫೋನ್ ಪೇ ಮಾಡಿಸ್ರಿ, 5 ಕೆಜಿ ಪ್ಯಾಕ್ ಕಳಸ್ರಿ. ಎರಡನೇ ಸಲ ಎಷ್ಟು ಮಂದಿ ಕೇಳ್ತಾರ ಅನ್ನೋದೇ ಪರೀಕ್ಷಾ. ಪ್ಯಾಕಿಂಗ್ ಮಷೀನಿಗಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯೊಳಗ (ಸಣ್ಣ ಆಹಾರ ಉದ್ದಿಮೆಗಳಿಗಿ ಇರೋದು) ಸಾಲದ ಜೋಡಿ ಸಬ್ಸಿಡಿ ಈಗೂ ನಡದದೋ ಇಲ್ಲೋ ಕೃಷಿ ಇಲಾಖೆಯೊಳಗ ಕೇಳ್ರಿ, ಆದ್ರ ಸಬ್ಸಿಡಿ ಬರ್ತದ ಅಂತ ಮಷೀನ್ ತರಬ್ಯಾಡ್ರಿ, ಕೈಲೆ ಕಟ್ಟಿ ಪೂರೈಸದಷ್ಟು ಆರ್ಡರ್ ಬಂದ ಮ್ಯಾಲ ತರ್ರಿ. ಅಲ್ಲಿ ತನಕ ಚೀಲದ ವ್ಯಾಪಾರ ಅಪ್ಪಾಜಿ ಕೈಯಾಗೇ ಇರಲಿ, ಎರಡರ ಲೆಕ್ಕ ಬ್ಯಾರೆ ಬ್ಯಾರೆ ಬರೀರಿ.