ಜಯಂತಿಗೆ ಒಂದು ಪುಟ ಸಾಕು

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಿಂದ ಸಮಾಜ ವಿಜ್ಞಾನದ ಅಕ್ಕೋರು ಬರೆದಿದ್ದಾರೆ: "ತಿಂಗಳಿಗೆ ಒಂದೆರಡು ಜಯಂತಿ, ನಡುವೆ ದಿನಾಚರಣೆಗಳು. ಪ್ರಾರ್ಥನೆಯ ಹೊತ್ತಿಗೆ ಫೋಟೊ, ಹೂವು, ಊದಿನಕಡ್ಡಿ ಜೊತೆಗೆ ಒಂದು ಭಾಷಣವೂ ರೆಡಿ ಇರಬೇಕು. ಮೊಬೈಲಲ್ಲಿ ಹುಡುಕಿದರೆ ಎಲ್ಲ ಕಡೆ ಅದೇ ನಾಲ್ಕು ಪ್ಯಾರಾ. ಹೋದ ರಾಜ್ಯೋತ್ಸವಕ್ಕೆ ಒಬ್ಬ ಹುಡುಗ '1973ರಲ್ಲಿ ಕರ್ನಾಟಕ ಏಕೀಕರಣವಾಯಿತು' ಅಂತ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ಸೇರಿ. ನಂಬಬಹುದಾದ ಜಾಲತಾಣಗಳ ಪಟ್ಟಿ ಕೊಡುತ್ತೀರಾ?"

ಅಕ್ಕೋರೇ, ನಮಸ್ಕಾರ.

ಚಪ್ಪಾಳೆಯ ವಿಷಯಕ್ಕೆ ಬೇಜಾರು ಬೇಡ. ನಮ್ಮ ಪತ್ರಿಕೆಯೇ ಒಮ್ಮೆ ಬಸವ ಜಯಂತಿಗೆ ವಾಟ್ಸಾಪಿನಲ್ಲಿ ಬಂದ ವಚನವೊಂದನ್ನು ಬಸವಣ್ಣನವರದು ಎಂದು ಅಚ್ಚು ಹಾಕಿತ್ತು. ಕೊನೆಗೆ 'ಕೂಡಲಸಂಗಮದೇವಾ' ಅಂತ ಇತ್ತು, ನಂಬಿಬಿಟ್ಟೆವು. ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, "ಹನ್ನೆರಡನೇ ಶತಮಾನದ ಮಾತೇನ್ರೀ ಇದು? ಯಾರೋ ಯೋಗ ಶಿಬಿರದಲ್ಲಿ ಬರೆದಂಗಿದೆ" ಅಂದರು. ಆಮೇಲೆ 'ವಚನ ಸಂಚಯ' ತಾಣದಲ್ಲಿ ಅದರ ಒಂದೊಂದು ಪದ ಹಾಕಿ ಹುಡುಕಿದೆ. ಪದ ಕೊಟ್ಟರೆ ಯಾವ ವಚನಕಾರರ ಯಾವ ವಚನದಲ್ಲಿ ಅದು ಬಂದಿದೆ ಎಂದು ಅದು ತೋರಿಸುತ್ತದೆ. ನಾವು ಅಚ್ಚು ಹಾಕಿದ ಸಾಲು ಎಲ್ಲೂ ಇರಲಿಲ್ಲ. ಎರಡು ನಿಮಿಷದ ಕೆಲಸ. ಅಚ್ಚಿಗೆ ಹೋಗುವ ಮೊದಲೇ ಮಾಡಬೇಕಿತ್ತು, ಅಲ್ವಾ?

ನೀವು ಪಟ್ಟಿ ಕೇಳಿದ್ದೀರಿ. ಬರೀ ಪಟ್ಟಿ ಕೊಟ್ಟರೆ ಅದು ನಿಮ್ಮ ಮೊಬೈಲಲ್ಲಿ ಸುಮ್ನೆ ಕೂತಿರುತ್ತದೆ. ನನ್ನ ಕಪಾಟಿನಲ್ಲೂ ಅಂಥ ಪಟ್ಟಿಗಳು ಬೇಕಾದಷ್ಟಿವೆ. ಅದರ ಬದಲು ಒಂದು ಕೆಲಸ ಮಾಡಿ. ಭಾಷಣ ಹುಡುಕುವುದನ್ನು ಬಿಟ್ಟು, ಆ ದಿನಕ್ಕೆ ಸಂಬಂಧಪಟ್ಟ ಒಂದೇ ಒಂದು ಮೂಲ ಪುಟ ಹುಡುಕಿ.

ರಾಜ್ಯೋತ್ಸವವನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ 'ಇಂಡಿಯಾ ಕೋಡ್' ತಾಣದಲ್ಲಿ ಕಾಯ್ದೆಗಳ ಪಠ್ಯ ಪುಕ್ಕಟೆ ಸಿಗುತ್ತದೆ. ಅಲ್ಲಿ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಂ ತೆಗೆಯಿರಿ. ಹೊಸ ಮೈಸೂರು ರಾಜ್ಯಕ್ಕೆ ಎಲ್ಲೆಲ್ಲಿಂದ ಏನೇನು ಬಂತು ಅಂತ ಅಲ್ಲಿದೆ. ಮುಂಬಯಿ ರಾಜ್ಯದಿಂದ ಬಿಜಾಪುರ, ಧಾರವಾಡ, ಕಾರವಾರದ ಸೀಮೆ, ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ. ಮದ್ರಾಸಿನಿಂದ ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ, ಜೊತೆಗೆ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ. ಹೈದರಾಬಾದಿನಿಂದ ಕೆಲವು ತಾಲ್ಲೂಕು ಬಿಟ್ಟು ಗುಲ್ಬರ್ಗ, ರಾಯಚೂರು, ಬೀದರ್. ಮತ್ತೆ ಇಡೀ ಕೊಡಗು. ನಾನು ಮೊದಲ ಸಲ ಓದಿದಾಗ ಆ 'ಬಿಟ್ಟು' ಅನ್ನುವ ಪದದ ಮೇಲೆ ತುಂಬ ಹೊತ್ತು ನಿಂತೆ. ಕಾಸರಗೋಡಿನ ಕನ್ನಡಿಗರ ಅಷ್ಟು ವರ್ಷಗಳ ನೋವು ಕಾಯ್ದೆಯಲ್ಲಿ ಅರ್ಧ ಸಾಲು.

ಹುಡುಗರಿಗೆ ಖಾಲಿ ನಕ್ಷೆ ಕೊಟ್ಟು ಬಣ್ಣ ತುಂಬಿಸಿ. ನಿಮ್ಮ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಅಂದರೆ 1956ರ ಅಕ್ಟೋಬರ್ 31ರ ರಾತ್ರಿ ಅವರ ಮುತ್ತಜ್ಜ ಮಲಗಿದ್ದು ಮುಂಬಯಿ ರಾಜ್ಯದಲ್ಲಿ, ಬೆಳಗ್ಗೆ ಎದ್ದಿದ್ದು ಮೈಸೂರು ರಾಜ್ಯದಲ್ಲಿ. ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರ ನವೆಂಬರ್ 1, ದೇವರಾಜ ಅರಸು ಕಾಲದಲ್ಲಿ. 1956ರ ಏಕೀಕರಣ, 1973ರ ನಾಮಕರಣ ಎರಡೂ ನವೆಂಬರ್ 1 ಆದ್ದರಿಂದ ಜನ ಕಲಸುಮೇಲೋಗರ ಮಾಡುತ್ತಾರೆ. ಒಂದು ಸಲ ಬಣ್ಣ ತುಂಬಿದ ಹುಡುಗ ಮತ್ತೆ ತಪ್ಪುವುದಿಲ್ಲ.

ನವೆಂಬರ್ 26ರ ಸಂವಿಧಾನ ದಿನಕ್ಕೆ ಇನ್ನೂ ಚೆನ್ನಾದ ಸಾಮಾನಿದೆ. ಸಂವಿಧಾನ ಸಭೆಯ ಚರ್ಚೆಗಳು ಪೂರ್ತಿಯಾಗಿ ಅಂತರ್ಜಾಲದಲ್ಲಿವೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ನಡೆಸುವ 'ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ' ತಾಣದಲ್ಲಿ ಹುಡುಕುವುದು ಸುಲಭ. ಅಲ್ಲಿ 1949ರ ನವೆಂಬರ್ 17ರ ಕಲಾಪ ತೆಗೆಯಿರಿ. ಮೈಸೂರಿನ ಸದಸ್ಯ ಕೆ. ಹನುಮಂತಯ್ಯ ಮಾತಾಡುತ್ತಾರೆ. ನಮಗೆ ಬೇಕಾಗಿದ್ದು ವೀಣೆಯದೋ ಸಿತಾರಿನದೋ ನಾದ, ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡ್ ಎಂದು ಅವರು ಹೇಳುತ್ತಾರೆ. ಒಂಬತ್ತು ದಿನ ಬಿಟ್ಟು ಅದೇ ಸಂವಿಧಾನವನ್ನು ಸಭೆ ಅಂಗೀಕರಿಸಿತು. ಮುಂದೆ ಅದೇ ಹನುಮಂತಯ್ಯ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. ಅವರ ಮಾತು ಸರಿಯೋ ತಪ್ಪೋ ಎಂದು ಎರಡು ಗುಂಪು ಮಾಡಿ ವಾದ ಮಾಡಿಸಿ. ಸಂವಿಧಾನ ಅಂದರೆ ಪೂಜೆ ಮಾಡುವ ಪುಸ್ತಕ ಮಾತ್ರ ಅಂದುಕೊಂಡ ಹುಡುಗರಿಗೆ, ಅದನ್ನು ಬರೆಯುವ ಸಭೆಯಲ್ಲೇ ಹೀಗೆ ನೇರವಾಗಿ ಟೀಕಿಸಿದವರಿದ್ದರು ಅಂತ ತಿಳಿದರೆ ಕಿವಿ ನೆಟ್ಟಗಾಗುತ್ತದೆ.

ಒಂದು ತೊಡಕಿದೆ. ಆ ಪಠ್ಯ ಇಂಗ್ಲಿಷಿನಲ್ಲಿದೆ. ಮೊಬೈಲಿನ ಅನುವಾದವನ್ನು ಹಾಗೇ ಓದಿಸಬೇಡಿ. ನಾನು ಒಂದು ಪುಟ ಹಾಕಿ ನೋಡಿದೆ, ಮಾನ್ಯ ಸದಸ್ಯರೆಲ್ಲ 'ಈ ಮನೆಯಲ್ಲಿ' ಮಾತಾಡಲು ಶುರು ಮಾಡಿದರು. ಸದನ ಅನ್ನೋದು ಮನೆ ಆಗಿತ್ತು! ಹತ್ತು ಸಾಲು ಆರಿಸಿ ನೀವೇ ಕನ್ನಡಕ್ಕೆ ತಂದುಬಿಡಿ. ನಿಮ್ಮ ಕನ್ನಡ ಚೆನ್ನಾಗಿದೆ, ಪತ್ರದಲ್ಲೇ ಗೊತ್ತಾಗುತ್ತದೆ.

ಸ್ವಾತಂತ್ರ್ಯ ದಿನಕ್ಕಂತೂ ನೀವು ದೂರ ಹೋಗಲೇಬೇಡಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ನಿಮ್ಮವರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಜೊತೆಯಲ್ಲಿ ತೀರಿಕೊಂಡ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಹೆಸರನ್ನು ಭಾಷಣಗಳಲ್ಲಿ ಕೇಳುವುದು ಕಡಿಮೆ. ಕೇಂದ್ರ ಸಂಸ್ಕೃತಿ ಸಚಿವಾಲಯ ಮತ್ತು ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ತಂದ ಹುತಾತ್ಮರ ಕೋಶದ 5ನೇ ಸಂಪುಟದಲ್ಲಿ ಕರ್ನಾಟಕದ ಭಾಗವಿದೆ, ಪಿಡಿಎಫ್ ಸಿಗುತ್ತದೆ. ಹುಡುಗರು ತಮ್ಮ ಊರಿನ ಹೆಸರು ಅದರಲ್ಲಿ ಇದೆಯೇ ನೋಡಲಿ. ಇಲ್ಲದಿದ್ದರೆ ಅಜ್ಜ ಅಜ್ಜಿಯರನ್ನು ಕೇಳಲಿ.

ಶಾಸನದ ವಿಷಯದಲ್ಲಿ ಮೇಷ್ಟ್ರುಗಳು ಎಡವುವ ಜಾಗ ಒಂದಿದೆ. ಎಲ್ಲರೂ ಮೊದಲು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳನ್ನು ತೆಗೆಯುತ್ತಾರೆ. ಬಿ.ಎಲ್. ರೈಸ್ ಶುರು ಮಾಡಿದ ಆ ಸಂಪುಟಗಳು ಹಳೇ ಮೈಸೂರು, ಕೊಡಗಿಗೆ ಸೇರಿದ್ದು. ಅದರಲ್ಲಿ ಹಾವೇರಿ ಹುಡುಕಿ, ಸಿಗದೆ, "ನಮ್ಮೂರಲ್ಲಿ ಶಾಸನವೇ ಇಲ್ಲ" ಅಂದುಬಿಡುತ್ತಾರೆ. ನಿಮ್ಮ ಕಡೆಯವು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯಲ್ಲಿ ಬಾಂಬೆ ಕರ್ನಾಟಕ ಶಾಸನಗಳು ಎಂದು ಬಂದಿವೆ, 11, 15, 18, 20ನೇ ಸಂಪುಟ. ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ. ಹಳಗನ್ನಡ ಪೂರ್ತಿ ಅರ್ಥವಾಗದಿದ್ದರೂ ಊರ ಹೆಸರು, ರಾಜನ ಹೆಸರು ಗುರುತಾಗುತ್ತದೆ. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ, ಅಂದರೆ ಹಸು, ಕೊಂದ ಪಾಪ ಬರಲಿ ಅನ್ನುವ ಶಾಪ ಎಷ್ಟೋ ಶಾಸನಗಳ ಕೊನೆಯಲ್ಲಿರುತ್ತದೆ. ಹುಡುಗರಿಗೆ ಅದು ಬಲು ಇಷ್ಟ.

ಪೌರನೀತಿಗೆ ಜಾಸ್ತಿ ಹೇಳೋದಿಲ್ಲ. 'ಇ-ಗ್ರಾಮಸ್ವರಾಜ್' ತಾಣದಲ್ಲಿ ನಿಮ್ಮ ಪಂಚಾಯ್ತಿ ತೆಗೆದು ಈ ವರ್ಷ ಯಾವ ಕಾಮಗಾರಿಗೆ ಎಷ್ಟು ದುಡ್ಡು ಅಂತ ತೋರಿಸಿ. ಚರಂಡಿಯೊಂದು ಅದರಲ್ಲಿದ್ದರೆ ಆಮೇಲೆ ಹುಡುಗರನ್ನು ಆ ಚರಂಡಿ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಕೇಳಲಿ. ಅಧ್ಯಕ್ಷರು ನಿಮ್ಮ ಮೇಲೆ ಸ್ವಲ್ಪ ಮುನಿಸಿಕೊಳ್ಳಬಹುದು, ಅದಕ್ಕೆ ಮಾತ್ರ ನಾನು ಜವಾಬ್ದಾರನಲ್ಲ.

ಶಾಲೆಯಲ್ಲಿ ನೆಟ್ ಬರೋದಿಲ್ಲ ಅಂತಲೂ ಬರೆದಿದ್ದೀರಿ. ಪಂಚಾಯ್ತಿಯ ಗ್ರಂಥಾಲಯ, ಈಗಿನ 'ಅರಿವು ಕೇಂದ್ರ', ಒಮ್ಮೆ ವಿಚಾರಿಸಿ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ. ಪುಟ ಇಳಿಸಿಕೊಂಡು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರೆ ನೆಟ್‌ನ ಹಂಗು ತಪ್ಪಿತು.

ಊರಲ್ಲಿ ಶಾಸನದ ಕಲ್ಲು ಸಿಕ್ಕರೆ ಫೋಟೊ ಕಳಿಸಿ, ಖಂಡಿತ ಹಾಕುತ್ತೇವೆ. ಅಕ್ಷರ ಕಾಣಲಿ ಅಂತ ಸುಣ್ಣ, ಬಣ್ಣ ಬಳಿಯಬೇಡಿ, ಮೊಳೆಯಿಂದ ಕೆರೆಯಬೇಡಿ. ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ತೆಗೆಯಿರಿ, ಅಕ್ಷರ ತಾವಾಗಿಯೇ ಎದ್ದು ಕಾಣುತ್ತವೆ.

ಸಂಪಾದಕ