ಬೀಟ್‌ರೂಟ್ ರಸ ಕುಡಿದರೂ ಹಿಮೋಗ್ಲೋಬಿನ್ ಏಕೆ ಏರುತ್ತಿಲ್ಲ?

ಪ್ರಶ್ನೆ: ನನಗೆ 39 ವರ್ಷ. ಮೂರು ತಿಂಗಳ ಹಿಂದೆ ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗಿ, ಮಲಬದ್ಧತೆಯೂ ಆದದ್ದರಿಂದ ಹತ್ತೇ ದಿನಕ್ಕೆ ಬಿಟ್ಟು, ದಿನವೂ ಬೀಟ್‌ರೂಟ್ ರಸ ಕುಡಿಯುತ್ತಿದ್ದೇನೆ. ಈಗ 7.8 ಬಂದಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ. ಮುಟ್ಟು ಎಂಟು ದಿನ ಇರುತ್ತದೆ. ಅಕ್ಕಿ ಆರಿಸುವಾಗ ಹಸಿ ಅಕ್ಕಿ ತಿನ್ನುವ ಚಪಲವೂ ಹತ್ತಿದೆ. ಏನು ಮಾಡಲಿ?
– ಗೃಹಿಣಿ, ಹಾಸನ ಜಿಲ್ಲೆ

ಉತ್ತರ: ನೀವು ಕೊನೆಯಲ್ಲಿ ಬರೆದ ಹಸಿ ಅಕ್ಕಿಯ ಮಾತನ್ನೇ ನಾನು ಮೊದಲು ಗಮನಿಸಿದೆ. ಅಕ್ಕಿ, ಮಣ್ಣು, ಬಳಪ, ಮಂಜುಗಡ್ಡೆ ತಿನ್ನಬೇಕೆನಿಸುವುದು ಹಲವರಲ್ಲಿ ಕಬ್ಬಿಣಾಂಶದ ಕೊರತೆಯ ಲಕ್ಷಣ. ಅದಕ್ಕಾಗಿ ನಾಚಿಕೊಳ್ಳಬೇಕಿಲ್ಲ, ಆದರೆ ವೈದ್ಯರಿಗೆ ತಪ್ಪದೆ ಹೇಳಬೇಕು.

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇಳಿಯುವುದು ಒಳಗಿನ ಯಾವುದೋ ತೊಂದರೆಯ ಸೂಚನೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಅದು ನೂರು ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ನೀವು ಆ ಗೆರೆಯನ್ನು ದಾಟಿದ್ದೀರಿ. ರಕ್ತ ಹೊತ್ತೊಯ್ಯುವ ಆಮ್ಲಜನಕ ಕಡಿಮೆಯಾದಾಗ ಆ ಕೊರತೆಯನ್ನು ತುಂಬಲು ಹೃದಯ ಬೇಗಬೇಗ ಬಡಿಯುತ್ತದೆ; ಮೆಟ್ಟಿಲ ಮೇಲೆ ನಿಮಗಾಗುತ್ತಿರುವುದು ಅದೇ. ಇದು ಬಹುಕಾಲ ಮುಂದುವರಿದರೆ ಹೃದಯವೇ ದಣಿದು ಹಿಗ್ಗಬಹುದು.

ನಿಮ್ಮಲ್ಲಿ ಕಾರಣ ಬಹುಮಟ್ಟಿಗೆ ಆ ಎಂಟು ದಿನಗಳ ಸ್ರಾವವೇ ಇರಬೇಕು. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ಸಾಮಾನ್ಯವಾಗಿ ದೇಹ ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್ ಮೀರಿ ರಕ್ತ ಹೋದರೆ ಅದನ್ನು ಅತಿಸ್ರಾವ ಎನ್ನುತ್ತೇವೆ. ಹೀಗೆ ತಿಂಗಳು ತಿಂಗಳೂ ಹೋಗುವುದನ್ನು ಊಟವೊಂದೇ ತುಂಬಿಕೊಡಲಾರದು. ಬೀಟ್‌ರೂಟ್‌ನ ಬಣ್ಣ ರಕ್ತದ್ದಲ್ಲ. ನೂರು ಗ್ರಾಂ ಗೆಡ್ಡೆಯಲ್ಲಿರುವ ಕಬ್ಬಿಣಾಂಶ ಒಂದು ಮಿಲಿಗ್ರಾಂಗೂ ಕಡಿಮೆ. ಆದ್ದರಿಂದ ಸ್ತ್ರೀರೋಗ ತಜ್ಞರನ್ನು ಕಂಡು, ಗರ್ಭಕೋಶದಲ್ಲಿ ಗೆಡ್ಡೆಯಿದೆಯೇ ಎಂದು ಸ್ಕ್ಯಾನ್ ಮಾಡಿಸಿ. ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣಾಂಶದ ಸಂಗ್ರಹ ತಿಳಿಸುವುದು), ಬಿ12 ಮತ್ತು ಥೈರಾಯ್ಡ್ ಪರೀಕ್ಷೆಗಳೂ ಆಗಲಿ. ಮೂಲವ್ಯಾಧಿ ಅಥವಾ ಕೊಕ್ಕೆಹುಳುವಿನಿಂದಲೂ ರಕ್ತ ಸದ್ದಿಲ್ಲದೆ ಸೋರಿಹೋಗುವುದುಂಟು.

ಮಾತ್ರೆ ನುಂಗುವಾಗ ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣಾಂಶದಿಂದ, ಅದರಿಂದ ಹಾನಿಯಿಲ್ಲ. ಹೊಟ್ಟೆಯ ತೊಂದರೆಯಿದ್ದರೆ ದಿನ ಬಿಟ್ಟು ದಿನ ನುಂಗಬಹುದೇ ಎಂದು ವೈದ್ಯರನ್ನು ಕೇಳಿ. ಏನೇ ಮಾಡಿದರೂ ಮಾತ್ರೆ ಒಗ್ಗದಿದ್ದರೆ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ದಾರಿಯೂ ಇದೆ. ಹಾಸನದವರಿಗೆ ಕಾಫಿ ಬಿಡಿ ಎನ್ನುವುದು ಕಷ್ಟವೇ, ಆದರೂ ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆ ಅಂತರವಿರಲಿ. ಕಾಫಿ, ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ, ನಿಂಬೆರಸ ಅದಕ್ಕೆ ನೆರವಾಗುತ್ತದೆ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ದೇಹದ ಸಂಗ್ರಹ ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು.

ಈ ವಾರವೇ ವೈದ್ಯರನ್ನು ಕಾಣಿ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಎದೆನೋವು ಕಾಣಿಸಿಕೊಂಡರೆ ಅಥವಾ ತಲೆ ಸುತ್ತಿ ಬಿದ್ದರೆ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.